ಕಾನೂನಿನಲ್ಲಿ ಸಮಪಾಲು ಸಿಕ್ಕ ಮೇಲೂ ಸ್ತ್ರೀವಾದ ಏಕೆ ಬೇಕು?

ನೀವು ಕೇಳಿರುವುದು ಇಷ್ಟು: ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕಾನೂನು ಬಂದು ಇಪ್ಪತ್ತು ವರ್ಷವಾಯಿತು, ಎಷ್ಟೋ ಹೆಣ್ಣುಮಕ್ಕಳು ತಾವಾಗಿಯೇ ಬೇಡವೆಂದು ಸಹಿ ಹಾಕಿ ಕೊಡುತ್ತಿದ್ದಾರೆ, ಹಾಗಿದ್ದರೆ ಈ ಹೋರಾಟ ಯಾರಿಗಾಗಿ? ಹಾಗೆ ಸಹಿ ಹಾಕಿ ಕೊಟ್ಟವರಲ್ಲಿ ನಾನೂ ಒಬ್ಬಳು. ಅದಕ್ಕೇ ಉತ್ತರ ಬರೆಯುತ್ತಿದ್ದೇನೆ.

2009ರ ಗೌರಿ ಹಬ್ಬ ಕಳೆದು ಒಂದು ವಾರವಾಗಿತ್ತು. ತಿಪಟೂರಿನ ಕಡೆಯ ನಮ್ಮ ಊರಿನಲ್ಲಿ ಎರಡು ಎಕರೆ ಹತ್ತು ಗುಂಟೆ ತೆಂಗಿನ ತೋಟ, ಒಂದು ಹೆಂಚಿನ ಮನೆ. ಎರಡೂ ತಾತನ ಕಾಲದವು, ಪಿತ್ರಾರ್ಜಿತ. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ಅಣ್ಣ ಆ ಸಲ ನನಗೂ ತಂಗಿಗೂ ಬಾಗಿನದ ಜೊತೆ ರೇಷ್ಮೆ ಸೀರೆ ಕೊಟ್ಟಿದ್ದ. ಅತ್ತಿಗೆ ಒಬ್ಬಟ್ಟು ಮಾಡಿ ಬಡಿಸಿದ್ದರು. ಮರುದಿನ ಬೆಳಿಗ್ಗೆ ಎಲ್ಲರೂ ಉಪನೋಂದಣಿ ಕಚೇರಿಗೆ ಹೋದೆವು. ಪತ್ರ ಬರಹಗಾರರು ಹಕ್ಕು ಬಿಡುಗಡೆ ಪತ್ರವನ್ನು ಒಂದೇ ಉಸಿರಿನಲ್ಲಿ ಓದಿದರು. ಅರಿಶಿನ ಕುಂಕುಮಕ್ಕೆಂದು ಹಣ ಪಡೆದುಕೊಂಡು, ಸ್ವಂತ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ನಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದೇವೆ ಎಂದಿತ್ತು. ಫೋಟೊ ತೆಗೆಸಿಕೊಂಡು, ಸಹಿ ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಮನೆಗೆ ಬಂದೆವು.

ಆ ಪತ್ರದಲ್ಲಿ ಸುಳ್ಳಿರಲಿಲ್ಲ. ಅಣ್ಣ ಗದರಿಸಲಿಲ್ಲ, ಅಂಗಲಾಚಲೂ ಇಲ್ಲ. ಆದರೆ ಹಿಂದಿನ ರಾತ್ರಿ ಅಮ್ಮ ಹಾಸಿಗೆ ಬಿಡಿಸುತ್ತಾ ಒಂದು ಮಾತು ಹೇಳಿದ್ದರು: "ನಾನಿರುವವರೆಗೆ ಸರಿ. ನಾನು ಹೋದ ಮೇಲೂ ನಿಮ್ಮನ್ನು ಹಬ್ಬಕ್ಕೆ ಕರೆಯುವವರು ಬೇಕಲ್ಲ?" ತೋಟದ ಪಾಲು ಬೇಕೆಂದರೆ ತವರು ಇಲ್ಲ, ತವರು ಬೇಕೆಂದರೆ ಪಾಲು ಇಲ್ಲ. ಈ ಆಯ್ಕೆಯನ್ನು ಅಣ್ಣನ ಮುಂದೆ ಯಾರೂ ಇಡಲಿಲ್ಲ. ಅವನಿಗೆ ತೋಟವೂ ಇತ್ತು, ತಂಗಿಯರೂ ಇದ್ದರು. ನೀವು ಸ್ವಇಚ್ಛೆ ಎಂದುಕೊಂಡಿರುವುದು ಇದನ್ನೇ.

ಕಾನೂನು ಇಲ್ಲಿಗೆ ಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನೂ ನೋಡಿ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕುಗಳ ಕಾಯಿದೆ ತಂದಿತ್ತು. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ, ಆದರೆ ಅದರಲ್ಲಿ ಮದುವೆಯಾಗದ ಮಗಳಿಗೆ ಸಹೋದರನ ಪಾಲಿನ ಕಾಲು ಭಾಗ ಮಾತ್ರ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ ಹಕ್ಕು ಕೊಟ್ಟಿತು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಮಾತ್ರ ಗಂಡುಮಕ್ಕಳದ್ದಾಗಿಯೇ ಉಳಿಯಿತು. ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು ಅದನ್ನು ಮಗಳಿಗೂ ಕೊಟ್ಟಿತಾದರೂ, ಅದಕ್ಕಿಂತ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ನನ್ನ ಮದುವೆ 1992ರಲ್ಲಿ, ತಂಗಿಯದು 1997ರಲ್ಲಿ. ಒಬ್ಬ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಅವಳು ಹಕ್ಕುದಾರಳು, ನಾನಲ್ಲ! 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಪಾಲು ಎಂದು ಸುಪ್ರೀಂ ಕೋರ್ಟು 2015ರಲ್ಲಿ, ಕರ್ನಾಟಕದಿಂದಲೇ ಹೋಗಿದ್ದ ಒಂದು ಪ್ರಕರಣದಲ್ಲಿ, ಹೇಳಿತ್ತು. ಹಕ್ಕು ಹುಟ್ಟಿನಿಂದಲೇ ಬರುವುದರಿಂದ ಆ ಷರತ್ತು ಸಲ್ಲದು ಎಂದು 2020ರ ಆಗಸ್ಟ್‌ನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಇದರಲ್ಲಿ ಯಾವುದೂ ತಾನಾಗಿ ಆದದ್ದಲ್ಲ. ಇದರ ಹಿಂದೆ ಮನೆಹಾಳಿ ಎನಿಸಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದ ಹೆಂಗಸರಿದ್ದಾರೆ.

ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ನನ್ನ ಮದುವೆಗೆ ಮಾಡಿದ ಖರ್ಚು ಚಪ್ಪರದ ಊಟಕ್ಕೆ, ಬೀಗರ ಮರ್ಯಾದೆಗೆ ಹೋಯಿತು. ಅಣ್ಣನ ಮದುವೆಗೂ ಸಾಲ ಮಾಡಿದ್ದೆವು. ಅದನ್ನು ಯಾರೂ ಅವನ ಪಾಲಿನಲ್ಲಿ ಕಳೆಯಲಿಲ್ಲ.

ತಂಗಿಯ ಗಂಡ 2014ರಲ್ಲಿ ತೀರಿಕೊಂಡ. ಗಂಡನ ಮನೆಯ ಜಮೀನಿನ ತಕರಾರು ಕೋರ್ಟಿನಲ್ಲಿತ್ತು. ಎರಡು ಮಕ್ಕಳನ್ನು ಕರೆದುಕೊಂಡು ಅವಳು ತವರಿಗೆ ಬಂದಳು. ಅಣ್ಣ ಬೇಡವೆನ್ನಲಿಲ್ಲ, ಅನ್ನ ಹಾಕಿದ, ಮಕ್ಕಳ ಫೀಸು ಕಟ್ಟಿದ. ಅದನ್ನು ನಾನು ಮರೆಮಾಚುವುದಿಲ್ಲ. ಎರಡು ಹಸು ಕೊಂಡು ತನ್ನ ಕಾಲ ಮೇಲೆ ನಿಲ್ಲಬೇಕೆಂದು ಅವಳು ಸಾಲ ಕೇಳಲು ಹೋದಲ್ಲಿ ಜಮೀನಿನ ದಾಖಲೆಯಾದ ಪಹಣಿ ಕೇಳಿದರು. ಅವಳ ಹೆಸರಿನಲ್ಲಿ ಎಲ್ಲಿಯ ಪಹಣಿ? ಒಂದು ದಿನ ನಾನು ಹೋದಾಗ ತೋಟದಲ್ಲಿ ಬಿದ್ದಿದ್ದ ಒಂದು ಕಾಯಿಯನ್ನು ಕೈಯಲ್ಲಿ ಹಿಡಿದು, "ಅತ್ತಿಗೆ, ಚಟ್ನಿಗೆ ಇದನ್ನು ತೆಗೆದುಕೊಳ್ಳಲೇ?" ಎಂದು ಕೇಳುತ್ತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಮರಗಳಿಗೆ ಚಿಕ್ಕಂದಿನಲ್ಲಿ ಕೊಡದಿಂದ ನೀರು ಹೊತ್ತು ಹಾಕಿದವಳು ಅವಳು. 2005ರವರೆಗೆ ಕಾನೂನು ಕೂಡ ಹೀಗೇ ಇತ್ತು: ಗಂಡುಮಕ್ಕಳು ಪಾಲಾಗುವವರೆಗೆ ಮಗಳು ವಾಸದ ಮನೆಯಲ್ಲಿ ಪಾಲು ಕೇಳುವಂತಿರಲಿಲ್ಲ, ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ವಿಧವೆಗೆ ಅಲ್ಲಿ ಇರುವ ಅವಕಾಶ ಮಾತ್ರ. ಆ ಕಲಮನ್ನು ತೆಗೆದುಹಾಕಿದ್ದಾರೆ. ನಮ್ಮ ಮನೆಯಲ್ಲಿ ಅದು ಇನ್ನೂ ಜಾರಿಯಲ್ಲಿತ್ತು.

ಇದೇ ಮಾತು ನಮ್ಮ ಹಾಡು, ಕಾವ್ಯಗಳಲ್ಲೂ ಇದೆ. ಬೀಸುವಾಗ ಕುಟ್ಟುವಾಗ ಹೆಂಗಸರು ಕಟ್ಟಿದ ತ್ರಿಪದಿಗಳು ನನಗೆ ಪ್ರಾಣ. ತವರಿನ ಬಳ್ಳಿ ಹೊಳೆಯ ದಂಡೆಯ ಗರಿಕೆಯಂತೆ ಹಬ್ಬಲಿ ಎಂದು ಹರಸುವ ಪದವನ್ನು ಅಮ್ಮ ಹಾಡುತ್ತಿದ್ದರು, ನಾನೂ ಹಾಡುತ್ತೇನೆ. ಹಬ್ಬಲಿ ಎಂದು ಹರಸುವವಳಿಗೆ ಆ ದಂಡೆಯಲ್ಲಿ ಗೇಣು ನೆಲವಿಲ್ಲ ಎಂಬುದು ಹೊಳೆದದ್ದು ತಂಗಿ ಬಾಗಿಲಲ್ಲಿ ನಿಂತದ್ದನ್ನು ನೋಡಿದ ಮೇಲೆಯೇ. ಇದನ್ನು ಪ್ರಶ್ನಿಸುವುದು ಪಶ್ಚಿಮದಿಂದ ಬಂದ ಚಾಳಿ ಎನ್ನುವವರಿಗೆ ನಾನು ಸಂಚಿಯ ಹೊನ್ನಮ್ಮನನ್ನು ನೆನಪಿಸುತ್ತೇನೆ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿಯುತ್ತಿದ್ದವಳು ಆಕೆ. ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಪತಿವ್ರತೆಯ ಧರ್ಮ ಹೇಳಲೆಂದೇ ಬರೆದ ಕಾವ್ಯದ ನಡುವೆ ನಿಂತು, ಹಡೆದವಳೂ ಪೊರೆದವಳೂ ಹೆಣ್ಣೇ ಅಲ್ಲವೇ, ಹೆಣ್ಣೆಂದು ಏಕೆ ಹೀಗಳೆಯುತ್ತೀರಿ ಎಂದು ಕೇಳಿ, ಹಾಗೆ ಹೀಗಳೆಯುವವರನ್ನು ಕಣ್ಣು ಕಾಣದ ಮೂಢರು ಎಂದಳು.

ಇನ್ನೊಂದನ್ನು ಹೇಳದಿದ್ದರೆ ಈ ಉತ್ತರ ಅರ್ಧವಾಗುತ್ತದೆ. 2011ರಲ್ಲಿ ನನ್ನ ಇಬ್ಬರು ನಾದಿನಿಯರು ನನ್ನ ಗಂಡನಿಗೆ ಇಂಥದೇ ಪತ್ರ ಬರೆದುಕೊಟ್ಟರು. ಅವರಿಗೆ ಸೀರೆ ಆರಿಸಿ ತಂದವಳು ನಾನು. ಆ ದಿನ ನನಗೆ ಏನೂ ಅನ್ನಿಸಲಿಲ್ಲ. ತಂಗಿಯ ಪಾಡು ಕಂಡ ಮೇಲೆ ಆ ಭೂಮಿಯ ಅಕ್ಕಿ ಗಂಟಲಲ್ಲಿ ಇಳಿಯದಾಯಿತು. "ಅವರು ಕೇಳಿಲ್ಲವಲ್ಲ" ಎಂದು ಗಂಡ ಅನ್ನುತ್ತಲೇ ಇದ್ದರು. ಕೇಳದಂತೆ ಬೆಳೆಸಿದವರು ನಾವೇ ಅಲ್ಲವೇ ಎಂದು ನಾನು ಅನ್ನುತ್ತಲೇ ಇದ್ದೆ. ಕೊನೆಗೆ 2021ರಲ್ಲಿ ಒಬ್ಬೊಬ್ಬರಿಗೂ ಇಪ್ಪತ್ತು ಗುಂಟೆಯಂತೆ ದಾನಪತ್ರ ಮಾಡಿಸಿ, ಅವರ ಹೆಸರಿಗೇ ಪಹಣಿ ಬರುವಂತೆ ಮಾಡಿದೆವು.

ಚಿಕ್ಕ ನಾದಿನಿ ಪಹಣಿಯನ್ನು ಎರಡು ಸಲ ಓದಿದಳು. ಮಡಚಿ ಸೆರಗಿನಲ್ಲಿ ಇಟ್ಟುಕೊಂಡಳು. ಬಹಳ ಹೊತ್ತು ಸುಮ್ಮನಿದ್ದು, "ಅತ್ತಿಗೆ, ಇನ್ನು ಮೇಲೆ ನನ್ನನ್ನು ಗೌರಿ ಹಬ್ಬಕ್ಕೆ ಕರೆಯುವುದಿಲ್ಲವೇ?" ಎಂದು ಕೇಳಿದಳು. ಅವಳಿಗೆ ಆಗ ಐವತ್ತೆರಡು ವರ್ಷ.