ಎರಡನೆಯ ಮಗು ಹುಟ್ಟುವಾಗ ಅಪ್ಪನಿಗೆ ಏನು ಕೆಲಸ?

ನೀವು ಕೇಳಿದ್ದು ಇಷ್ಟು: ಊರು ಸುಂಟಿಕೊಪ್ಪದ ಹತ್ತಿರ, ಜುಲೈ ಕೊನೆಗೆ ಎರಡನೆಯ ಹೆರಿಗೆ, ಮೊದಲನೆಯದು ಹೆಂಡತಿಯ ತವರಿನಲ್ಲಿ ಆಗಿತ್ತು, ಈ ಬಾರಿ ಬಾಣಂತನ ನಿಮ್ಮ ಮನೆಯಲ್ಲೇ, ಅಪ್ಪನಾದವನಿಗೆ ಈ ಸಲ ಏನು ಬೇರೆ, ರಜೆ ಯಾವಾಗ ಹಾಕಬೇಕು. ‘ಎರಡನೆಯದಲ್ಲವೇ, ಎಲ್ಲ ಗೊತ್ತಿರುತ್ತದೆ ಬಿಡಿ’ ಎಂದು ಇಷ್ಟರಲ್ಲಿ ಹಲವರು ನಿಮಗೆ ಹೇಳಿರಬೇಕು. ಗೊತ್ತಿರುವುದು ಹೆತ್ತವಳಿಗೆ. ಮೊದಲ ಮಗುವನ್ನು ಭಾನುವಾರಗಳಂದು ಅತ್ತೆಯ ಮನೆಗೆ ಹೋಗಿ ನೋಡಿಕೊಂಡು ಬಂದ ಗಂಡಸಿಗೆ ಏನೂ ಗೊತ್ತಿರುವುದಿಲ್ಲ. ನನ್ನದೂ ಅದೇ ಕಥೆಯಾದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ನಾನು ಸೋಮವಾರಪೇಟೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಹಾಜರಿ, ಲೆಕ್ಕ ಬರೆಯುವವನು. ದೊಡ್ಡವಳು ಹುಟ್ಟಿದ್ದು ಅರಕಲಗೂಡಿನಲ್ಲಿ, ಕಾಫಿ ಕೊಯ್ಲಿನ ನಡುವೆ. ಮಗು ಹುಟ್ಟಿತು ಎಂದು ಫೋನ್ ಬಂದಾಗ ನಾನು ಕಣದಲ್ಲಿ ನಿಂತು ಹಣ್ಣಿನ ಮೂಟೆಗಳ ತೂಕ ಬರೆದುಕೊಳ್ಳುತ್ತಿದ್ದೆ. ತಾಯಿ ಮಗು ತೋಟಕ್ಕೆ ಬರುವ ಹೊತ್ತಿಗೆ ಮಗುವಿನ ಕುತ್ತಿಗೆ ನಿಂತಿತ್ತು, ನಗು ಬಂದಿತ್ತು, ರಾತ್ರಿ ನಿದ್ದೆಯೂ ಸುಮಾರಾಗಿ ಸರಿಹೋಗಿತ್ತು. ಕಷ್ಟದ ಭಾಗವನ್ನೆಲ್ಲ ಅತ್ತೆ ಮುಗಿಸಿಟ್ಟಿದ್ದರು. ಚಿಕ್ಕವಳು ಹುಟ್ಟಿದ್ದು ಕಕ್ಕಡದಲ್ಲಿ. ಹೊರಗಿನ ಓದುಗರಿಗಾಗಿ ಹೇಳುವುದಾದರೆ, ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕೊಡಗು ಮಳೆಯಲ್ಲಿ ಮುಳುಗಿರುವ ತಿಂಗಳು ಅದು. ಗದ್ದೆ ನಾಟಿ ಬಿಟ್ಟರೆ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲ.

ನಿಮ್ಮದೂ ಅದೇ ಕಾಲವಾದ್ದರಿಂದ ಮೊದಲು ರಸ್ತೆಯ ಮಾತು. ಮೊದಲ ಹೆರಿಗೆಯಲ್ಲಿ ನೋವು ಶುರುವಾಗಿ ಮಗು ಹುಟ್ಟಲು ಒಂದು ಹಗಲೋ ಒಂದು ರಾತ್ರಿಯೋ ಹಿಡಿಯುವುದು ಸಾಮಾನ್ಯ. ಎರಡನೆಯ ಸಲ ಬಹುತೇಕ ಹೆಂಗಸರಿಗೆ ಅದಕ್ಕಿಂತ ಬಹಳ ಬೇಗ ಆಗಿಬಿಡುತ್ತದೆ. ದೇಹಕ್ಕೆ ದಾರಿ ಗೊತ್ತಿರುತ್ತದೆ ಎಂದು ನಮ್ಮ ಡಾಕ್ಟರಮ್ಮ ಹೇಳಿದರು. ದೇಹಕ್ಕೆ ಗೊತ್ತಿದ್ದರೇನು, ಜೀಪಿಗೆ ದಾರಿ ಬೇಕಲ್ಲ. ನಮ್ಮಲ್ಲಿಂದ ಮಡಿಕೇರಿಗೆ ಮಾದಾಪುರ, ಹಟ್ಟಿಹೊಳೆ, ಮಕ್ಕಂದೂರು ಮೇಲೆ ಹೋಗಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಮನೆ ತೋಟಗಳ ಸಮೇತ ಜಾರಿ ಬಂದದ್ದು ಈ ರಸ್ತೆಯ ಆಸುಪಾಸಿನಲ್ಲೇ. ಅಂಥ ಅನಾಹುತ ಬೇಡ, ಒಂದು ಬಳಂಜಿ ಮರ ಅಡ್ಡ ಬಿದ್ದರೂ ಸಾಕು. ರೈಲು ಎಂಬುದು ಈ ಜಿಲ್ಲೆಯಲ್ಲೇ ಇಲ್ಲ. 108ಕ್ಕೆ ಕರೆ ಮಾಡಬಹುದು, ಆದರೆ ಕರೆಂಟ್ ಹೋಗಿ ಟವರ್ ಸತ್ತರೆ ಕರೆ ಮಾಡುವುದಕ್ಕೂ ಗುಡ್ಡ ಹತ್ತಬೇಕು.

ಹಾಗಾಗಿ ಹೇಳಿದ ದಿನಾಂಕಕ್ಕೆ ಸಾಕಷ್ಟು ಮುಂಚೆಯೇ ಹೆಂಡತಿಯನ್ನೂ ಅತ್ತೆಯನ್ನೂ ಮಡಿಕೇರಿಯಲ್ಲಿ ಅವಳ ಚಿಕ್ಕಮ್ಮನ ಮನೆಗೆ ಕಳಿಸಿದೆವು. ಆಸ್ಪತ್ರೆಗೆ ಅಲ್ಲಿಂದ ಆಟೋ ಸಾಕು. ‘ನೋವು ಬರುವ ಮೊದಲೇ ಓಡಿದರಲ್ಲ’ ಎಂದು ನಕ್ಕವರೂ ಇದ್ದರು. ನಿಮ್ಮ ಊರು ಕುಶಾಲನಗರ–ಮಡಿಕೇರಿ ಹೆದ್ದಾರಿಯ ಪಕ್ಕ, ನಮ್ಮಷ್ಟು ಪಾಡಿಲ್ಲ. ಆದರೂ ಮನೆಯಿಂದ ಹೆದ್ದಾರಿವರೆಗಿನ ತೋಟದ ರಸ್ತೆಯನ್ನು ಒಮ್ಮೆ ಮಳೆಯಲ್ಲಿ ಕಣ್ಣಾರೆ ನೋಡಿ, ಆಮೇಲೆ ತೀರ್ಮಾನಿಸಿ.

ದೊಡ್ಡವಳನ್ನು ನನ್ನ ಬಳಿ ಇಟ್ಟುಕೊಂಡೆ. ಅಂಗನವಾಡಿಗೆ ಹೋಗುವ ವಯಸ್ಸು. ಅವಳೂ ನಾನೂ ಇಬ್ಬರೇ ಒಂದೇ ಮನೆಯಲ್ಲಿ ರಾತ್ರಿ ಕಳೆದದ್ದು ಅದೇ ಮೊದಲು ಎಂದರೆ ನೀವು ನಂಬಲಿಕ್ಕಿಲ್ಲ. ಅವಳ ತಲೆ ಬಾಚಲು ಎಣ್ಣೆ ಎಷ್ಟು ಬೇಕು, ಅನ್ನಕ್ಕೆ ಮೊಸರು ಕಲಸಿದ ಮೇಲೆ ಉಪ್ಪೋ ಮೊದಲೋ, ಯಾವ ಹೊದಿಕೆಯ ಯಾವ ಅಂಚನ್ನು ಕೈಯಲ್ಲಿ ಹಿಡಿದರೆ ನಿದ್ದೆ ಬರುತ್ತದೆ, ಎಲ್ಲದಕ್ಕೂ ಒಂದು ಕಾನೂನು ಇತ್ತು. ನನಗೆ ತೋಟದ ಪ್ರತಿ ಬ್ಲಾಕಿನ ಗಿಡದ ಲೆಕ್ಕ ಬಾಯಿಗೆ ಬರುತ್ತದೆ, ಇದು ಒಂದೂ ಗೊತ್ತಿರಲಿಲ್ಲ.

ಫೋನ್ ಬಂದದ್ದು ನಡುರಾತ್ರಿ ಕಳೆದ ಮೇಲೆ. ನೋವು ಶುರುವಾಗಿದೆ, ಆಸ್ಪತ್ರೆಗೆ ಹೊರಟಿದ್ದೇವೆ ಎಂದು ಚಿಕ್ಕಮ್ಮ ಹೇಳುವಷ್ಟರಲ್ಲಿ ಕರೆ ತುಂಡಾಯಿತು. ಡ್ರೈವರ್‌ಗೆ ಮೊದಲೇ ಹೇಳಿಟ್ಟಿದ್ದರಿಂದ ಜೀಪು ತಡವಿಲ್ಲದೆ ಬಂತು. ಮಗಳನ್ನು ಕಂಬಳಿ ಸಮೇತ ಎತ್ತಿಕೊಂಡು ಹತ್ತಿದೆ. ಹಟ್ಟಿಹೊಳೆಗಿಂತ ಮುಂಚೆಯೇ ಮರ ಬಿದ್ದಿತ್ತು. ನಮಗಿಂತ ಮೊದಲು ಬಂದ ಒಂದು ಪಿಕಪ್ ಅಲ್ಲಿ ನಿಂತಿತ್ತು, ಅದರವನು ಪಕ್ಕದ ಊರಿನಿಂದ ಗರಗಸದ ಯಂತ್ರ ತರಲು ಯಾರನ್ನೋ ಕಳಿಸಿದ್ದ. ಅಲ್ಲಿ ಕೂತಿದ್ದ ಹೊತ್ತೇ ನನ್ನ ಪಾಲಿಗೆ ಎರಡನೆಯ ಮಗುವಿನ ಜನನ. ಹೊರಗೆ ಮಳೆ, ತೊಡೆಯ ಮೇಲೆ ದೊಡ್ಡವಳು, ಅವಳ ಭಾರಕ್ಕೆ ಕಾಲು ಜೋಮು ಹಿಡಿದಿದೆ, ಅಲುಗಿಸಿದರೆ ಎದ್ದು ‘ಅಮ್ಮ ಎಲ್ಲಿ’ ಎನ್ನುತ್ತಾಳೆ. ಆತಂಕ ಇತ್ತು, ಇಲ್ಲವೆಂದರೆ ಸುಳ್ಳು. ಅದರ ಜೊತೆಗೆ ಬಂದ ಇನ್ನೊಂದು ಯೋಚನೆಯನ್ನು ಯಾರೂ ನನಗೆ ಮುಂಚೆ ಹೇಳಿರಲಿಲ್ಲ: ಇನ್ನು ಸ್ವಲ್ಪ ಹೊತ್ತಿಗೆ ಇವಳು ಒಂಟಿ ಮಗುವಲ್ಲ, ಅದು ಇವಳಿಗೆ ಗೊತ್ತಿಲ್ಲದೆ, ಇವಳನ್ನು ಕೇಳದೆ ಆಗುತ್ತಿದೆ ಎಂಬ ಒಂದು ಬಗೆಯ ಸಂಕಟ. ಹುಟ್ಟಲಿರುವ ಮಗುವಿನ ಮೇಲೆ ಆಗ ನನಗೆ ಪ್ರೀತಿ ಉಕ್ಕಲಿಲ್ಲ. ನಿಮಗೂ ಹಾಗಾದರೆ ಗಾಬರಿಯಾಗಬೇಡಿ. ಆಮೇಲೆ ಬಂತು, ಬೇಕಾದಷ್ಟು ಬಂತು.

ಮರ ಕೊಯ್ದು ಸರಿಸಿ ನಾವು ಆಸ್ಪತ್ರೆ ಮುಟ್ಟುವಾಗ ಮಗು ಹುಟ್ಟಿ, ಒರೆಸಿಕೊಂಡು, ಮೊದಲ ಹಾಲೂ ಕುಡಿದಾಗಿತ್ತು. ಹೆಂಡತಿ ತೋಟದಲ್ಲೇ ಇದ್ದಿದ್ದರೆ ಹೆರಿಗೆ ಎಲ್ಲಿ ಆಗುತ್ತಿತ್ತು ಎಂದು ಲೆಕ್ಕ ಹಾಕಲು ರೈಟರೇ ಆಗಬೇಕಿಲ್ಲ.

ಮಗು ಹೆಣ್ಣು. ವರಾಂಡದಲ್ಲಿ ಕಂಡ ಮೊದಲ ಪರಿಚಯಸ್ಥರು ‘ಎರಡೂ ಹೆಣ್ಣೇ?’ ಎಂದು ಕೇಳಿದ ದನಿ ಈಗಲೂ ಕಿವಿಯಲ್ಲಿದೆ. ಆರತಿಗೊಬ್ಬ ಮಗಳು ಕೀರ್ತಿಗೊಬ್ಬ ಮಗ ಎಂಬ ಹಳೆಯ ಲೆಕ್ಕ ನಮ್ಮ ಜನರ ತಲೆಯಿಂದ ಹೋಗಿಲ್ಲ. ಉತ್ತರ ಕೊಡಲು ಹೋಗಬೇಡಿ, ಸಿಹಿ ಕೊಟ್ಟು ಮುಂದೆ ಹೋಗಿ. ನಮ್ಮ ತೋಟದ ಯಜಮಾನರು ಕೊಡವರು, ವಯಸ್ಸಾದವರು. ಅವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಿಂದಿನಿಂದ ಬಂದ ಪದ್ಧತಿ. ಮಗುವನ್ನು ನೋಡಲು ಬಂದವರು ‘ರೈಟರೇ, ಹೆಣ್ಣಾದರೇನು, ನಾವೂ ಒಂದು ಹಾರಿಸೋಣ’ ಎಂದು ಕೋವಿ ತರಿಸಲು ಹೊರಟರು. ಒಳಗಿನಿಂದ ನನ್ನ ಹೆಂಡತಿ, ‘ಈಗ ತಾನೇ ಮಲಗಿಸಿದ್ದೇನೆ, ದಯವಿಟ್ಟು ಬೇಡ’ ಎಂದಳು. ಕಾರ್ಯಕ್ರಮ ರದ್ದಾಯಿತು.

ಇನ್ನು ಒಂದು ಗಂಭೀರ ವಿಷಯ, ಇದನ್ನು ಮಾತ್ರ ಹಾರಿಸಿ ಓದಬೇಡಿ. ನಿಮ್ಮ ಹೆಂಡತಿಯ ರಕ್ತದ ಗುಂಪು ನೆಗೆಟಿವ್ ಆಗಿದ್ದು ನಿಮ್ಮದು ಪಾಸಿಟಿವ್ ಆಗಿದ್ದರೆ ಎರಡನೆಯ ಬಸಿರನ್ನು ಮೊದಲನೆಯದರಂತೆ ನೋಡಲಾಗದು. ಮೊದಲ ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ ಹೊತ್ತಿಗೆ ಅದರ ರಕ್ತ ಸ್ವಲ್ಪ ತಾಯಿಯ ರಕ್ತಕ್ಕೆ ಸೇರಿ, ತಾಯಿಯ ದೇಹ ಅದರ ವಿರುದ್ಧ ಪ್ರತಿಕಾಯಗಳನ್ನು ಕಟ್ಟಿಕೊಳ್ಳಬಹುದು. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಪೆಟ್ಟು ಬೀಳುವುದು ಎರಡನೆಯದಕ್ಕೆ. ಅದನ್ನು ತಡೆಯಲು ಆಂಟಿ-ಡಿ ಎಂಬ ಚುಚ್ಚುಮದ್ದನ್ನು ಹೆರಿಗೆಯಾದ 72 ಗಂಟೆಯೊಳಗೆ ಕೊಡುತ್ತಾರೆ, ಬಸಿರಿನ 28ನೇ ವಾರದ ಸುಮಾರಿಗೂ ಒಂದು ಕೊಡುತ್ತಾರೆ. ನಮ್ಮದು ಇದೇ ಜೋಡಿ. ಎರಡನೆಯ ಬಸಿರಿನ ಮೊದಲ ತಪಾಸಣೆಯಲ್ಲೇ ಡಾಕ್ಟರಮ್ಮ ಕೇಳಿದ್ದು, ‘ಮೊದಲ ಹೆರಿಗೆಯಲ್ಲಿ ಇಂಜೆಕ್ಷನ್ ಕೊಟ್ಟಿದ್ದರೇ?’ ಎಂದು. ಹಳೆಯ ಡಿಸ್ಚಾರ್ಜ್ ಚೀಟಿ ಅರಕಲಗೂಡಿನ ಪೆಟ್ಟಿಗೆಯಲ್ಲಿತ್ತು. ಮಾವ ಹುಡುಕಿ ಫೋಟೋ ತೆಗೆದು ಕಳಿಸಿದರು, ಕೊಟ್ಟಿದ್ದರು. ಆದರೂ ಕೂಂಬ್ಸ್ ಪರೀಕ್ಷೆ ಮಾಡಿಸಿ, ಪ್ರತಿಕಾಯ ಇಲ್ಲವೆಂದು ಖಚಿತ ಮಾಡಿಕೊಂಡರು. ನೀವು ಈ ವಾರವೇ ತಾಯಿ ಕಾರ್ಡ್ ತೆಗೆದು ರಕ್ತದ ಗುಂಪು ನೋಡಿ. ನೆಗೆಟಿವ್ ಆಗಿದ್ದರೆ ಅದೇ ಗುಂಪಿನ ರಕ್ತ ಕೊಡಬಲ್ಲ ಒಬ್ಬಿಬ್ಬರ ನಂಬರ್ ಬರೆದಿಟ್ಟುಕೊಳ್ಳಿ. ನಮ್ಮ ಜನರಲ್ಲಿ ನೆಗೆಟಿವ್ ಗುಂಪಿನವರು ಕಡಿಮೆ.

ಮನೆಗೆ ಬಂದ ಮೇಲೆ ಗಂಡಸರಿಗೆ ಅಂದಾಜಿಲ್ಲದ ಒಂದು ಸಂಗತಿ ಇದೆ. ಮಗು ಹಾಲು ಕುಡಿಯಲು ಶುರುಮಾಡಿದೊಡನೆ ನನ್ನ ಹೆಂಡತಿ ಹಲ್ಲು ಕಚ್ಚಿ ಗೋಡೆ ಹಿಡಿಯುತ್ತಿದ್ದಳು. ಹಾಲೂಡಿಸುವಾಗ ಗರ್ಭಕೋಶ ಸಂಕೋಚಗೊಳ್ಳುತ್ತದೆ, ಎರಡನೆಯ ಹೆರಿಗೆಯ ನಂತರ ಆ ನೋವು ಮೊದಲಿಗಿಂತ ಹೆಚ್ಚು, ಕೆಲವು ದಿನಗಳಲ್ಲಿ ತಾನೇ ಇಳಿಯುತ್ತದೆ ಎಂದು ನರ್ಸ್ ತಿಳಿಸಿದ್ದರು. ಆದರೆ ರಕ್ತಸ್ರಾವ ಜೋರಾದರೆ, ಜ್ವರ ಬಂದರೆ ಅದು ಈ ಲೆಕ್ಕಕ್ಕೆ ಸೇರುವುದಿಲ್ಲ, ಕೂಡಲೇ ಆಸ್ಪತ್ರೆ.

ಮಗುವಿಗೆ ಸ್ವಲ್ಪ ಕಾಮಾಲೆಯ ಹಳದಿ ಇತ್ತು. ‘ಎಳೆಬಿಸಿಲಿಗೆ ಹಿಡಿಯಿರಿ’ ಎಂದು ಬಂದವರೆಲ್ಲ ಹೇಳಿದರು. ಕಕ್ಕಡದಲ್ಲಿ ಎಳೆಬಿಸಿಲು! ನಮ್ಮ ಮಗುವಿನ ರಕ್ತದ ಗುಂಪಿನ ಕಾರಣ ಆಸ್ಪತ್ರೆಯಲ್ಲೇ ಬಿಲಿರುಬಿನ್, ಅಂದರೆ ರಕ್ತದಲ್ಲಿನ ಹಳದಿ ಅಂಶ, ಪರೀಕ್ಷಿಸಿ, ದೀಪದ ಚಿಕಿತ್ಸೆ ಬೇಕಿಲ್ಲ ಎಂದ ಮೇಲೆಯೇ ಕಳಿಸಿದ್ದರು. ಹುಟ್ಟಿದ ಮೊದಲ ದಿನವೇ ಹಳದಿ ಕಂಡರೆ, ಅಥವಾ ಅಂಗೈ ಅಂಗಾಲಿಗೆ ಇಳಿದರೆ ಬಿಸಿಲಿಗಾಗಿ ಕಾಯಬೇಡಿ. ಬಟ್ಟೆ ಒಣಗಿಸುವುದಂತೂ ಒಂದು ಪೂರ್ಣಾವಧಿ ಉದ್ಯೋಗ. ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ ಅದರ ಮೇಲೆ ಬಟ್ಟೆ ಹರಡುವ ಹಳೆಯ ಉಪಾಯವೇ ನಮ್ಮನ್ನು ಕಾಪಾಡಿದ್ದು. ಬುಟ್ಟಿಯನ್ನು ಬಚ್ಚಲ ಒಲೆಯ ಬಳಿ ಇಡಿ, ಬಾಣಂತಿ ಕೋಣೆಯೊಳಗೆ ಹೊಗೆ ಬೇಡ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಎರಡನೆಯ ಮಗು ಹುಟ್ಟಿದಾಗ ಅಪ್ಪನ ಕೆಲಸ ಮುಖ್ಯವಾಗಿ ಮೊದಲನೆಯದರ ಜೊತೆ. ಚಿಕ್ಕದಕ್ಕೆ ಬೇಕಾದದ್ದು ತಾಯಿ, ಹಾಲು, ಬೆಚ್ಚನೆ ಬಟ್ಟೆ. ದೊಡ್ಡದಕ್ಕೆ ಒಬ್ಬ ಪೂರ್ತಿ ಮನುಷ್ಯ ಬೇಕು. ನಮ್ಮವಳು ಬಿಟ್ಟಿದ್ದ ಅಭ್ಯಾಸಗಳನ್ನೆಲ್ಲ ಮತ್ತೆ ಹಿಡಿದಳು: ಹಾಸಿಗೆ ಒದ್ದೆ, ಎತ್ತಿಕೊಂಡೇ ಊಟ, ಮಾತಿನಲ್ಲಿ ತೊದಲು. ಬೈಯಬಾರದು ಎಂದು ಹೆಂಡತಿ ತಾಕೀತು ಮಾಡಿದ್ದಳು, ಬೈಯಲಿಲ್ಲ, ಕೆಲವು ವಾರಗಳಲ್ಲಿ ತಾನಾಗಿ ಹೋಯಿತು. ಬೆಳಿಗ್ಗೆ ನಾನು ಕೆಲಸದವರ ಹಾಜರಿ ಕೂಗುವಾಗ ಅವಳು ಪಕ್ಕದಲ್ಲಿ ಕೂರುವುದು ರೂಢಿಯಾಯಿತು. ಒಂದು ದಿನ ಕೇಳಿದಳು, ‘ಅಪ್ಪ, ಪಾಪುವಿನ ಹೆಸರು ಮಸ್ಟರಿನಲ್ಲಿ ಬರೆದೆಯಾ?’ ಇನ್ನೂ ಹೆಸರಿಟ್ಟಿಲ್ಲವಲ್ಲ ಎಂದೆ. ‘ಹಾಗಾದರೆ ಆಬ್ಸೆಂಟ್ ಹಾಕು’ ಎಂದಳು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು, ಅವಳು ನಗಲಿಲ್ಲ.

ಕಕ್ಕಡ ಹದಿನೆಂಟರಂದು, ಅಂದರೆ ಆಗಸ್ಟ್ 3ರ ಸುಮಾರಿಗೆ, ಪಕ್ಕದ ಮನೆಯವರು ಮದ್ದುಸೊಪ್ಪಿನ ಪಾಯಸ ಮಾಡಿ ಇವಳಿಗೂ ಬಡಿಸಿದ್ದರು. ಹದಿನೆಂಟು ಔಷಧಿ ಸೇರಿದ ಸೊಪ್ಪು ಎಂದು ನಂಬಿಕೆ, ಪಾಯಸ ಕಡು ನೇರಳೆ ಬಣ್ಣ. ತಿಂದವರ ಮೂತ್ರ ಮರುದಿನ ಕೆಂಪಗಾಗುತ್ತದೆ ಎಂಬುದು ಇಲ್ಲಿಯವರಿಗೆಲ್ಲ ಗೊತ್ತು. ಅರಕಲಗೂಡಿನ ನಮ್ಮ ಅತ್ತೆಗೆ ಗೊತ್ತಿಲ್ಲ. ಬೆಳಿಗ್ಗೆ ಮೊಮ್ಮಗಳನ್ನು ಬಚ್ಚಲಿಗೆ ಕರೆದೊಯ್ದವರು ಕಿರುಚಿದ ಕಿರುಚಿಗೆ ಬಾಣಂತಿ ಎದ್ದು ಕೂತಳು, ಕೂಸು ಅತ್ತಿತು, ನಾನು ಹಾಜರಿ ಪುಸ್ತಕ ಬಿಟ್ಟು ಓಡಿದೆ. ವಿಷಯ ತಿಳಿದ ಮೇಲೆ ಅತ್ತೆ, ‘ಅಳಿಯಂದಿರೇ, ಇಂಥದ್ದನ್ನೆಲ್ಲ ಮೊದಲೇ ಹೇಳಬಾರದೇ’ ಎಂದು ದಿನವಿಡೀ ಮುನಿಸಿಕೊಂಡರು. ದೊಡ್ಡವಳಿಗೆ ಮಾತ್ರ ಅಂದು ಪರಮಾನಂದ. ಕೂಸು ಬಂದ ಮೇಲೆ ಮನೆಯೆಲ್ಲ ತನ್ನ ಸುತ್ತ ಓಡಾಡಿದ್ದು ಅದೇ ಮೊದಲು.

ರಜೆಯ ವಿಚಾರ. ಕೇಂದ್ರ ಸರ್ಕಾರಿ ನೌಕರರಿಗೆ 15 ದಿನದ ಪಿತೃತ್ವ ರಜೆ ಇದೆ. ಖಾಸಗಿ ತೋಟದವರಿಗೆ ಯಜಮಾನರ ಮನಸ್ಸೇ ಕಾನೂನು. ಎಷ್ಟೇ ಸಿಗಲಿ, ಎಲ್ಲವನ್ನೂ ಹೆರಿಗೆಯ ವಾರಕ್ಕೇ ಸುರಿಯಬೇಡಿ. ಆಗ ಮನೆ ತುಂಬ ಜನ, ಅತ್ತೆ, ಚಿಕ್ಕಮ್ಮ, ನೋಡಲು ಬಂದವರು. ನೀವು ಕಾಫಿ ಕೊಡುವುದಷ್ಟೇ. ಅತ್ತೆ ಊರಿಗೆ ಹೊರಡುವ ದಿನ ಮೊದಲೇ ಕೇಳಿಕೊಂಡು, ಹೆಚ್ಚಿನ ರಜೆಯನ್ನು ಅಂದಿನಿಂದ ಹಾಕಿ. ನಾನು ಹಾಗೆಯೇ ಮಾಡಿದೆ. ನಡುವೆ ಕಾಗದದ ಕೆಲಸವೂ ಇರುತ್ತದೆ: 21 ದಿನದೊಳಗೆ ಜನನ ನೋಂದಣಿ, ಹೆಸರು ಆಮೇಲೆ ಸೇರಿಸಬಹುದು. ಹೆಣ್ಣು ಮಗುವಾದರೆ ಮಾತೃವಂದನಾ ಯೋಜನೆಯಲ್ಲಿ ಎರಡನೆಯ ಮಗುವಿಗೆ 6,000 ರೂಪಾಯಿ ಬರುತ್ತದೆ, ಅರ್ಹತೆಯ ಷರತ್ತುಗಳನ್ನು ಅಂಗನವಾಡಿ ಟೀಚರ್ ಬಳಿ ಕೇಳಿ. ಹೋಗುವಾಗ ದೊಡ್ಡ ಮಗುವನ್ನೂ ಕರೆದುಕೊಂಡು ಹೋಗಿ. ಮನೆಯಲ್ಲಿ ಒಂದು ಗಂಟೆಯಾದರೂ ಹೆಂಡತಿ ಮಲಗಲಿ.