ರಷ್ಯಾದ ಸಣ್ಣ ಊರಿಗೆ ಹೋದರೆ ಒಂದು ರಾತ್ರಿಯಾದರೂ ಉಳಿಯಿರಿ

ನೀವು ಕೇಳಿದ್ದು ಇದು: "ಮಾಸ್ಕೋ, ಸೇಂಟ್ ಪೀಟರ್ಸ್‌ಬರ್ಗ್ ಎಲ್ಲರೂ ನೋಡುತ್ತಾರೆ. ನನಗೆ ರಷ್ಯಾದ ಒಂದು ಸಣ್ಣ ಊರು ನೋಡುವ ಆಸೆ. ರಷ್ಯನ್ ಬರಲ್ಲ, ಮಾಂಸ ತಿನ್ನಲ್ಲ. ಹೋಗಬಹುದಾ? ಒಂದು ದಿನ ಸಾಕಾಗುತ್ತಾ?"

ಹೋಗಬಹುದು. ಆದರೆ ಒಂದು ದಿನ ಸಾಕಾಗಲ್ಲ. ನಾನು ಎರಡು ರಾತ್ರಿ ಉಳಿದು ಬಂದ ಊರಿನ ಬಗ್ಗೆ ಹೇಳುತ್ತೇನೆ, ಯಾಕೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ನಾನು ಬೀದರಿನವಳು. ನಮ್ಮ ಅಕ್ಕನ ಮಗಳು ತ್ವೇರ್ ಪಟ್ಟಣದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಮಾಸ್ಕೋದಿಂದ ಸುಮಾರು 170 ಕಿಲೋಮೀಟರ್ ದೂರ, ವೋಲ್ಗಾ ನದಿಯ ದಂಡೆ. ಅಲ್ಲಿನ ಮೆಡಿಕಲ್ ಯೂನಿವರ್ಸಿಟಿಯಲ್ಲಿ ನಮ್ಮ ದೇಶದ ಮಕ್ಕಳು ಬಹಳ ಇದ್ದಾರೆ. ತ್ವೇರ್‌ಗೂ ಬೀದರಿಗೂ ಹಳೆಯ ನಂಟೂ ಇದೆ. 15ನೇ ಶತಮಾನದಲ್ಲಿ ಅಫನಾಸಿ ನಿಕಿತಿನ್ ಎಂಬ ವ್ಯಾಪಾರಿ ತ್ವೇರ್‌ನಿಂದ ಹೊರಟು, ಪರ್ಷಿಯಾ ಹಾದು, ಸಮುದ್ರ ದಾಟಿ, ಬಹಮನಿ ಸುಲ್ತಾನರ ಕಾಲದ ಬೀದರಿಗೆ ಬಂದ. ಮಾರುವುದಕ್ಕೆ ಒಂದು ಕುದುರೆ ತಂದಿದ್ದ. ಅದನ್ನು ಬೀದರಿನಲ್ಲೇ ಮಾರಿದ. ಕಂಡದ್ದನ್ನೆಲ್ಲ ಬರೆದಿಟ್ಟ. ವಾಪಸ್ ಹೋಗುವಾಗ ಸ್ಮೊಲೆನ್ಸ್ಕ್ ಹತ್ತಿರ ದಾರಿಯಲ್ಲೇ ತೀರಿಕೊಂಡ. ಮನೆ ಸೇರಲೇ ಇಲ್ಲ. ತ್ವೇರ್‌ನ ನದಿ ದಂಡೆಯಲ್ಲಿ 1955ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ ಇದೆ, ಕೆಳಗೆ ದೋಣಿಯ ಆಕಾರದ ಪೀಠ. ಹೋದ ದಿನವೇ ಅಲ್ಲಿ ನಿಂತು ಬಂದೆ. ನಮ್ಮೂರು ನೋಡಿ ಹೋದವನ ಊರು ಇದು ಅನ್ನಿಸಿ ಮನಸ್ಸು ತುಂಬಿತು.

ಆದರೆ ತ್ವೇರ್ ಸಣ್ಣ ಊರಲ್ಲ, ನಾಲ್ಕು ಲಕ್ಷ ಜನರಿದ್ದಾರೆ. ಅಲ್ಲಿಂದ ಬಸ್ಸಿನಲ್ಲಿ ಒಂದು ತಾಸಿಗೆ ಸ್ವಲ್ಪ ಜಾಸ್ತಿ ಹಿಡಿಯುವ ತೊರ್ಜೋಕ್‌ಗೆ ಹೋಗೋಣ ಅಂತ ಹುಡುಗಿಯೇ ಹೇಳಿದಳು. ಜನಸಂಖ್ಯೆ ಸುಮಾರು 45,000. ತ್ವೆರ್ತ್ಸಾ ಅನ್ನುವ ಸಣ್ಣ ನದಿ ಊರ ನಡುವೆ ಬಳುಕಿಕೊಂಡು ಹೋಗುತ್ತದೆ. ಎರಡೂ ದಂಡೆಯ ದಿಬ್ಬದ ಮೇಲೆ ಚರ್ಚುಗಳು, ಹಳೆಯ ವ್ಯಾಪಾರಿಗಳ ಮನೆಗಳು.

ಹೆಸರಿನಲ್ಲೇ ಸಂತೆ ಇದೆ. 'ತೋರ್ಗ್' ಅಂದರೆ ರಷ್ಯನ್‌ನಲ್ಲಿ ವ್ಯಾಪಾರ. ಹಳೆಯ ದಾಖಲೆಗಳಲ್ಲಿ ಈ ಊರಿನ ಹೆಸರು ಮೊದಲು ಬರುವುದು 1139ರಲ್ಲಿ. ಉತ್ತರದ ನೋವ್‌ಗೊರೊದ್ ಪಟ್ಟಣಕ್ಕೆ ಧಾನ್ಯ ಹೋಗುತ್ತಿದ್ದದ್ದು ಈ ದಾರಿಯಿಂದಲೇ. 1215ರಲ್ಲಿ ಯಾರೊಸ್ಲಾವ್ ಎಂಬ ರಾಜಕುಮಾರ ಇಲ್ಲಿ ಕೂತು ಧಾನ್ಯ ತಡೆದ. ಅಲ್ಲಿ ನೋವ್‌ಗೊರೊದ್‌ನಲ್ಲಿ ಜನ ಹಸಿವಿನಿಂದ ಸತ್ತರು. 1238ರಲ್ಲಿ ಮಂಗೋಲರು ಬಂದಾಗ ಇಷ್ಟು ಪುಟ್ಟ ಊರು ಎರಡು ವಾರ ತಡೆದು ನಿಂತಿತು, ಆಮೇಲೆ ಬಿತ್ತು.

ಮುಂದೆ ಮಾಸ್ಕೋ–ಪೀಟರ್ಸ್‌ಬರ್ಗ್ ಹೆದ್ದಾರಿ ಊರೊಳಗಿಂದಲೇ ಹಾದುಹೋಯಿತು. ಗಾಡಿಯವರು ಇಲ್ಲಿ ಕುದುರೆ ಬದಲಾಯಿಸುತ್ತಿದ್ದರು. ಪ್ರಯಾಣಿಕರು ಊಟ ಮಾಡಿ, ಮಲಗಿ, ಬೆಳಿಗ್ಗೆ ಹೊರಡುತ್ತಿದ್ದರು. ರಾಣಿ ಎರಡನೇ ಕ್ಯಾಥರೀನ್‌ಗೆ ದಾರಿಯಲ್ಲಿ ತಂಗುವುದಕ್ಕೆ ಇಲ್ಲೊಂದು ಅರಮನೆಯನ್ನೇ ಕಟ್ಟಿದ್ದರು. ಕವಿ ಪುಷ್ಕಿನ್ ಎಷ್ಟು ಸಲ ಈ ದಾರಿಯಲ್ಲಿ ಓಡಾಡಿದನೋ. 1826ರಲ್ಲಿ ಗೆಳೆಯನಿಗೆ ಪದ್ಯದಲ್ಲೇ ಪತ್ರ ಬರೆದು, ತೊರ್ಜೋಕ್‌ನಲ್ಲಿ ಪೊಝಾರ್ಸ್ಕಿಯ ಹೋಟೆಲಿನ ಕಟ್ಲೆಟ್ ತಿನ್ನದೆ ಮುಂದೆ ಹೋಗಬೇಡ ಅಂದ. ಆ ಕಟ್ಲೆಟ್ಟಿಗೆ ಇವತ್ತಿಗೂ ಪೊಝಾರ್ಸ್ಕಿ ಹೆಸರೇ. ಈಗ ಮಾಡುವುದು ಕೋಳಿಮಾಂಸದಲ್ಲಿ, ಹೊರಗೆ ಬ್ರೆಡ್ಡಿನ ಚೂರು ಹಚ್ಚಿ ಬೆಣ್ಣೆಯಲ್ಲಿ ಕರಿಯುತ್ತಾರೆ. ನಾವು ತಿನ್ನುವವರಲ್ಲ, ನೀವೂ ಅಲ್ಲ. ಆದರೆ ಅಲ್ಲಿ ಯಾರನ್ನು ಕೇಳಿದರೂ ಊರಿನ ಕಥೆ ಶುರುವಾಗುವುದು ಅದರಿಂದಲೇ.

1851ರಲ್ಲಿ ಮಾಸ್ಕೋ–ಪೀಟರ್ಸ್‌ಬರ್ಗ್ ರೈಲು ಶುರುವಾಯಿತು. ಹಳಿ ತೊರ್ಜೋಕ್ ಮುಟ್ಟದೆ ಪಕ್ಕದಿಂದ ಹೋಯಿತು. ಊರಿನ ಕೆಲಸವೇ ದಾರಿಹೋಕರನ್ನು ಒಂದು ರಾತ್ರಿ ಉಳಿಸಿಕೊಳ್ಳುವುದಾಗಿತ್ತು, ಅಲ್ವಾ? ಆ ಜನವೇ ಬರುವುದು ನಿಂತಿತು. ಬೆಳೆಯುವುದೂ ನಿಂತಿತು. ನಮಗೆ ಇಂದು ಹಳೆಯ ಬೀದಿಗಳು ಹಾಗೇ ಕಾಣುವುದಕ್ಕೆ ಒಂದು ಕಾರಣ ಅದು.

ಈಗಲೂ ಟೂರಿಸ್ಟ್ ಬಸ್ಸುಗಳು ಬರುತ್ತವೆ. ಹತ್ತೂವರೆಗೆ ಇಳಿಸುತ್ತವೆ, ಮಠ, ಕಟ್ಲೆಟ್, ಅಂಗಡಿ, ನಾಲ್ಕು ಗಂಟೆಗೆ ಹತ್ತಿಸಿಕೊಂಡು ಹೋಗುತ್ತವೆ. ನಾವು ಮೊದಲ ದಿನ ಅವರ ನಡುವೆಯೇ ತಿರುಗಿದೆವು. ನದಿ ದಂಡೆಯ ಬೊರಿಸೊಗ್ಲೆಬ್ಸ್ಕಿ ಮಠ ನೋಡಿದೆವು. 1038ರಲ್ಲಿ ಶುರುವಾದದ್ದು ಅನ್ನುತ್ತಾರೆ. ಒಳಗಿನ ದೊಡ್ಡ ಚರ್ಚು ನಿಕೊಲಾಯ್ ಲ್ವೋವ್ ಎಂಬ ವಾಸ್ತುಶಿಲ್ಪಿ 18ನೇ ಶತಮಾನದ ಕೊನೆಗೆ ಕಟ್ಟಿಸಿದ್ದು. ಸೋವಿಯತ್ ಕಾಲದಲ್ಲಿ ಇದೇ ಮಠ ಸೆರೆಮನೆಯಾಗಿತ್ತು. ಈಗ ಮತ್ತೆ ಸನ್ಯಾಸಿಗಳಿದ್ದಾರೆ. ಊರಲ್ಲಿ ರಿಪೇರಿ ಕಾಣದ ಚರ್ಚುಗಳೂ ಕೆಲವು ಇವೆ. ಒಂದರ ಗೋಡೆಯ ತುದಿಯಲ್ಲಿ ಬರ್ಚ್ ಗಿಡ ಬೇರು ಬಿಟ್ಟು ಆಳೆತ್ತರ ಬೆಳೆದಿತ್ತು. ನಮ್ಮ ಕಡೆ ಹಾಳು ಗುಡಿಗಳ ಮೇಲೆ ಅರಳಿ ಗಿಡ ಏಳುತ್ತದಲ್ಲ, ಹಾಗೆ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಮಠದಿಂದ ದೂರ, ದಿಬ್ಬದ ತುದಿಯಲ್ಲಿ ಹಳೆಯ ಮರದ ಚರ್ಚೊಂದಿದೆ. ಮೇಲೆ ಮೇಲೆ ಸಣ್ಣದಾಗುತ್ತ ಹೋಗುವ ಎಂಟು ಮೂಲೆಯ ಅಟ್ಟಗಳು. ಮಳೆ ಬಿಸಿಲಿಗೆ ಮರ ಬೂದಿ ಬಣ್ಣಕ್ಕೆ ತಿರುಗಿದೆ. ಅದನ್ನು ಸಂಜೆ ಬೆಳಕಿನಲ್ಲಿ ನೋಡಿ. ಮಧ್ಯಾಹ್ನ ನೋಡಿದ್ದು ನನಗೆ ನೆನಪೇ ಇಲ್ಲ.

ಇನ್ನು ಇದಕ್ಕೆ ಮಾತ್ರ ಪುರುಸೊತ್ತು ಮಾಡಿಕೊಳ್ಳಿ: ತೊರ್ಜೋಕ್‌ನ ಚಿನ್ನದ ಜರಿ ಕಸೂತಿ. ಶತಮಾನಗಳಿಂದ ಇಲ್ಲಿನ ಹೆಣ್ಣುಮಕ್ಕಳ ಕೈಯಲ್ಲಿ ಉಳಿದ ಕೆಲಸ. ಪಾದರಕ್ಷೆ, ಸೊಂಟಪಟ್ಟಿ, ಚರ್ಚಿನ ಬಟ್ಟೆ ಎಲ್ಲದಕ್ಕೂ ಹಾಕುತ್ತಿದ್ದರು. ಪುಷ್ಕಿನ್ ಕೂಡ ಇಲ್ಲಿನ ಸೊಂಟಪಟ್ಟಿಗಳನ್ನು ಕೊಂಡು ಗೆಳೆಯನ ಹೆಂಡತಿಗೆ ಕಳಿಸಿದ್ದ. ಊರಲ್ಲಿ ಇದರ ಮ್ಯೂಸಿಯಂ ಇದೆ. ಒಬ್ಬ ಹೆಂಗಸು ಕೂತು ಹೊಲಿಯುತ್ತಿದ್ದಳು. ಚೌಕಟ್ಟಿಗೆ ಬಿಗಿದ ಕಡುಗೆಂಪು ಮಖಮಲ್. ಅದರ ಮೇಲೆ ರಟ್ಟಿನಲ್ಲಿ ಕತ್ತರಿಸಿದ ಒಂದು ಎಲೆ. ಅವಳು ಜರಿಯ ಎಳೆಯನ್ನು ಬಟ್ಟೆಯೊಳಗೆ ತೂರಿಸಲೇ ಇಲ್ಲ. ಎಲೆಯ ಮೇಲೆ ಈ ಅಂಚಿನಿಂದ ಆ ಅಂಚಿಗೆ ಮಲಗಿಸಿದಳು. ಅಂಚಿಗೆ ಬಂದ ಕೂಡಲೇ ಕೆಳಗಿನಿಂದ ಕಣ್ಣಿಗೆ ಕಾಣದಷ್ಟು ಸಣ್ಣ ದಾರ ತಂದು ಜರಿಯನ್ನು ಹಿಡಿದು ಕಟ್ಟಿದಳು. ಮತ್ತೆ ಆ ಅಂಚಿನಿಂದ ಈ ಅಂಚಿಗೆ. ಬಂಗಾರ ಪೂರ್ತಿ ಮೇಲೇ ಉಳಿಯುತ್ತದೆ, ಒಂದು ಎಳೆಯೂ ಅಡಿಗೆ ಹೋಗಿ ಹಾಳಾಗುವುದಿಲ್ಲ. ರಟ್ಟು ಕೆಳಗಿರುವುದರಿಂದ ಎಲೆ ಉಬ್ಬಿ ನಿಲ್ಲುತ್ತದೆ.

ಬೀದರಿನಲ್ಲಿ ಹುಟ್ಟಿದವಳಿಗೆ ಅಲ್ಲಿಂದ ಏಳುವುದಾದರೂ ಹೇಗೆ? ನಮ್ಮ ಬಿದರಿ ಕೆಲಸದವರೂ ಹೀಗೇ ಅಲ್ವಾ? ಲೋಹದಲ್ಲಿ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ತಂತಿಯನ್ನು ಅದರಲ್ಲಿ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾರೆ. ಆಮೇಲೆ ಕೋಟೆಯ ಮಣ್ಣು ಹಚ್ಚಿ ಸುತ್ತಲಿನದನ್ನು ಕಪ್ಪು ಮಾಡುತ್ತಾರೆ, ಬೆಳ್ಳಿ ಹೊಳೆಯುತ್ತದೆ. ಇಲ್ಲಿ ಕೆಂಪು ಮಖಮಲ್ಲಿನ ಮೇಲೆ ಬಂಗಾರ. ಫೋನಿನಲ್ಲಿದ್ದ ಒಂದು ಬಿದರಿ ಹೂಜಿಯ ಫೋಟೋ ಆಕೆಗೆ ತೋರಿಸಿದೆ. ಕನ್ನಡಕ ಮೇಲೆತ್ತಿ, ಬೆರಳಿನಿಂದ ದೊಡ್ಡದು ಮಾಡಿ, ಬಳ್ಳಿ ತಿರುಗುವ ಜಾಗವನ್ನೇ ನೋಡಿದಳು. ತಿರುವಿನಲ್ಲೇ ಕಷ್ಟ ಅಂದಳು. ಹೌದು, ತಿರುವಿನಲ್ಲೇ ಕಷ್ಟ.

ನಾಲ್ಕು ಗಂಟೆಗೆ ಬಸ್ಸುಗಳು ಹೋದವು. ಊರು ಮತ್ತೆ ಊರಿನವರದಾಯಿತು. ಸೆಪ್ಟೆಂಬರ್ ಕೊನೆ. ಬೆನ್ನಿಗೆ ಚೀಲ ಹಾಕಿಕೊಂಡ ಮಕ್ಕಳು, ನದಿಯಲ್ಲಿ ಗಾಳ ಹಾಕಿ ಅಲುಗಾಡದೆ ಕೂತ ಗಂಡಸರು. ಬಸ್ ಸ್ಟ್ಯಾಂಡ್ ಹತ್ತಿರ ಅಜ್ಜಿಯರು ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಕಾಡಿನ ಅಣಬೆ, ಕೆಂಪು ಕ್ರ್ಯಾನ್‌ಬೆರಿ, ಹಿತ್ತಲಿನ ಸೇಬು ಇಟ್ಟುಕೊಂಡು ಕೂತಿದ್ದರು. ಕತ್ತಲಾಗುತ್ತಿದ್ದಂತೆ ಎಲ್ಲೋ ಸೌದೆ ಒಲೆ ಹಚ್ಚಿದ ಹೊಗೆಯ ವಾಸನೆ. ಮಠದ ಗಂಟೆ. ನದಿಯ ಮೇಲೆ ಮಂಜು ಎದ್ದು ಕಾಲುಸೇತುವೆ ಅರ್ಧ ಮುಚ್ಚಿಹೋಯಿತು. ನಾವಿಬ್ಬರೂ ಸುಮ್ನೆ ನಿಂತೆವು. ಆ ಹೊತ್ತು ಹಗಲು ಬಂದು ಹೋಗುವವರಿಗೆ ಸಿಗುವುದಿಲ್ಲ.

ಉಳಿದದ್ದು ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಕೋಣೆಯಲ್ಲಿ. ಬಾಗಿಲು ತೆರೆದಾಗ ನಗಲಿಲ್ಲ. ಪಾಸ್‌ಪೋರ್ಟ್ ನೋಡಿದರು, ಚಪ್ಪಲಿ ಬಿಡಿಸಿದರು, ಮನೆಯೊಳಗೆ ಹಾಕಿಕೊಳ್ಳುವ ಬಟ್ಟೆಯ ಚಪ್ಪಲಿ ಕೊಟ್ಟರು. ನಾವು ಬೇಡವಾದ ನೆಂಟರೇನೋ ಅನ್ನಿಸಿತು. ಇದನ್ನು ನೀವು ಮೊದಲೇ ತಿಳಿದಿರಿ: ಅಲ್ಲಿ ಗುರುತಿಲ್ಲದವರಿಗೆ ನಗುವ ರೂಢಿ ಇಲ್ಲ. ಅದು ಸಿಟ್ಟಲ್ಲ. ರಾತ್ರಿ ಚಹಾಕ್ಕೆ ಕರೆದರು. ನಾನು ಎಲ್ಲಿಯವಳು ಅಂತ ಕೇಳಿದಾಗ ಹುಡುಗಿ ಬೀದರಿನ ಹೆಸರು ಹೇಳಿ, ನಿಕಿತಿನ್ ಹೋಗಿದ್ದ ಊರು ಅಂದಳು. ಅಜ್ಜಿ ತಟ್ಟೆ ಕೆಳಗಿಟ್ಟರು. "ಅಫನಾಸಿ ನಮ್ಮವನು, ತ್ವೇರ್‌ನವನು" ಅಂದರು. ಆಮೇಲೆ ನನ್ನ ಮುಖ ನೋಡಿ ಕೇಳಿದರು: "ನಿಮ್ಮ ಊರಿನವರು ಅವನನ್ನು ಚೆನ್ನಾಗಿ ನೋಡಿಕೊಂಡರಾ?"

ಐನೂರು ವರ್ಷ ಹಿಂದಿನ ಮಾತು. ಮೊನ್ನೆ ಹೋಗಿ ಬಂದ ಮಗನ ಬಗ್ಗೆ ಕೇಳಿದ ಹಾಗಿತ್ತು. ಬರೆದಿಟ್ಟುಕೊಳ್ಳುವಷ್ಟು ದಿನ ನಮ್ಮಲ್ಲಿ ಉಳಿದಿದ್ದ ಅಂದೆ. ಅವರು ಎದ್ದು ಹೋಗಿ ಎಲೆಕೋಸು ತುಂಬಿದ ಬಿಸಿ ಪಿರೊಶ್ಕಿ ಅನ್ನುವ ಸಣ್ಣ ಬನ್ನುಗಳನ್ನು ತಂದಿಟ್ಟರು, ಜೊತೆಗೆ ಸೇಬಿನ ಮುರಬ್ಬ.

ಊಟದ ವಿಷಯಕ್ಕೆ ಬರುತ್ತೇನೆ. ಸಣ್ಣ ಊರಲ್ಲೂ ಸಸ್ಯಾಹಾರಿ ಹಸಿದುಕೊಂಡು ಇರಬೇಕಿಲ್ಲ. 'ಬೆಜ್ ಮ್ಯಾಸಾ' ಅಂದರೆ ಮಾಂಸ ಇಲ್ಲದೆ. ಆದರೆ ಅಷ್ಟೇ ಹೇಳಿದರೆ ಕೋಳಿ, ಮೀನು ತಂದಿಟ್ಟುಬಿಡಬಹುದು. 'ಬೆಜ್ ಕೂರಿತ್ಸಿ, ಬೆಜ್ ರೀಬಿ' ಅಂತಲೂ ಸೇರಿಸಿ. ಬೋರ್ಶ್ ಸಾರು ಸಾಮಾನ್ಯವಾಗಿ ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ, ಬಿಡಿ. ಆಲೂಗಡ್ಡೆ ತುಂಬಿದ ವರೇನಿಕಿ ಕೇಳಿ, ನಮ್ಮ ಕಡುಬಿನ ಥರ. 'ಗ್ರೆಚ್ಕಾ' ಅನ್ನುವ ಬಕ್‌ವೀಟ್ ಕಾಳಿನ ಅನ್ನ, ಅಣಬೆ, ಬ್ಲಿನಿ ದೋಸೆ, ಸ್ಮೆತಾನಾ ಅನ್ನುವ ಹುಳಿ ಕೆನೆ, ಕಪ್ಪು ರೈ ಬ್ರೆಡ್ ಎಲ್ಲ ಕಡೆ ಸಿಗುತ್ತದೆ. ಬ್ಲಿನಿಗೆ ಮೊಟ್ಟೆ ಹಾಕಿರುತ್ತಾರೆ, ನೀವು ತಿನ್ನದಿದ್ದರೆ ನೋಡಿಕೊಳ್ಳಿ. ಎಲ್ಲದರ ಮೇಲೂ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ, ನಮಗೆ ಅದು ಮನೆಯ ವಾಸನೆ. ಈಸ್ಟರ್‌ಗೆ ಮುಂಚಿನ ಏಳು ವಾರ ಅವರ ದೊಡ್ಡ ಉಪವಾಸ. ಆಗ ಹೋದರೆ ಬಹಳ ಹೋಟೆಲುಗಳಲ್ಲಿ 'ಪೋಸ್ತ್ನೊಯೆ' ಅಂತ ಬೇರೆ ಪಟ್ಟಿಯೇ ಇರುತ್ತದೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಅದರಲ್ಲಿ ಇರುವುದಿಲ್ಲ.

ಭಾಷೆಯ ಬಗ್ಗೆ ನಿಜ ಹೇಳಬೇಕು. ನನ್ನ ಜೊತೆ ಹುಡುಗಿ ಇದ್ದಳು, ನಿಮಗೆ ಇರುವುದಿಲ್ಲ. ಅಲ್ಲಿ ಇಂಗ್ಲಿಷ್ ನಡೆಯುವುದು ಕಡಿಮೆ. ಹೊರಡುವ ಮುಂಚೆ ರಷ್ಯನ್ ಅಕ್ಷರ ಓದುವುದನ್ನು ಕಲಿಯಿರಿ, ಒಂದು ವಾರ ಸಾಕು. ಬಸ್ಸಿನ ಬೋರ್ಡು ಓದಲು ಬಂದರೆ ಅರ್ಧ ಭಯ ಹೋಗುತ್ತದೆ. ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವ ಹಾಗೆ ಅನುವಾದದ ಆಪ್ ಮತ್ತು ನಕ್ಷೆ ಫೋನಿಗೆ ಇಳಿಸಿಕೊಳ್ಳಿ. ಅಂಗಡಿಗೆ ಹೋದ ಕೂಡಲೇ 'ಝ್ದ್ರಾಸ್ತ್ವುಯ್ತೆ' ಅನ್ನಿ, ಅಂದರೆ ನಮಸ್ಕಾರ, ಆಮೇಲೆ ಕೈ ತೋರಿಸಿ ಕೇಳಿದರೂ ನಡೆಯುತ್ತದೆ. ಚರ್ಚಿಗೆ ಹೋಗುವಾಗ ಹೆಂಗಸರು ತಲೆಗೆ ಬಟ್ಟೆ ಹೊದೆಯಬೇಕು, ಗಂಡಸರು ಟೋಪಿ ತೆಗೆಯಬೇಕು. ಒಂದು ದುಪಟ್ಟಾ ಚೀಲದಲ್ಲಿರಲಿ. ಯಾರ ಮನೆಗಾದರೂ ಹೂವು ಒಯ್ದರೆ ಬೆಸ ಸಂಖ್ಯೆಯಲ್ಲಿ ಒಯ್ಯಿರಿ, ಸರಿ ಸಂಖ್ಯೆ ಅಲ್ಲಿ ಸತ್ತವರಿಗೆ.

ದುಡ್ಡಿನ ವಿಷಯ ತುಂಬಾ ಮುಖ್ಯ. 2022ರ ಮಾರ್ಚ್‌ನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡ್ ಕಂಪನಿಗಳ ಬ್ಯಾಂಕ್ ಕಾರ್ಡ್‌ಗಳು ರಷ್ಯಾದಲ್ಲಿ ನಡೆಯುವುದಿಲ್ಲ. ಡಾಲರ್ ಅಥವಾ ಯೂರೋ ನೋಟು ಒಯ್ದು ಮಾಸ್ಕೋದಲ್ಲೇ ರೂಬಲ್ ಮಾಡಿಸಿಕೊಳ್ಳಿ. ಸಣ್ಣ ಊರಲ್ಲಿ ರೂಪಾಯಿ ಬದಲಾಗುತ್ತದೆ ಅಂತ ನಂಬಬೇಡಿ. ಪ್ರವಾಸಕ್ಕೆ ಭಾರತೀಯರಿಗೆ 2023ರ ಆಗಸ್ಟ್‌ನಿಂದ ಇ-ವೀಸಾ ಸಿಗುತ್ತಿದೆ. ಎಷ್ಟು ದಿನ ಇರಬಹುದು ಅನ್ನುವ ನಿಯಮ ಬದಲಾಗುತ್ತಿರುತ್ತದೆ, ಅರ್ಜಿ ಹಾಕುವ ದಿನ ಸರ್ಕಾರದ ಸೈಟಿನಲ್ಲೇ ನೋಡಿ.

ಇನ್ನೊಂದು ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಯುದ್ಧ ಮಾಡುತ್ತಿರುವ ದೇಶ. ತ್ವೇರ್ ಪ್ರಾಂತ್ಯಕ್ಕೂ ಡ್ರೋನ್ ದಾಳಿಗಳು ಆಗಿವೆ. ಹೊರಡುವ ಮುಂಚೆ ನಮ್ಮ ರಾಯಭಾರ ಕಚೇರಿ ಏನು ಹೇಳಿದೆ ಓದಿ. ತೊರ್ಜೋಕ್‌ನಲ್ಲಿ ಸೈನ್ಯದ ಹೆಲಿಕಾಪ್ಟರ್ ಕೇಂದ್ರ ಇದೆ. ಆ ಕಡೆಯ ಫೋಟೋ ತೆಗೆಯಲೇಬೇಡಿ. ಮನೆಯವರಿಗೆ ಭಯವಿದ್ದರೆ ಒತ್ತಾಯ ಮಾಡಿ ಹೋಗಬೇಡಿ, ಊರು ಎಲ್ಲಿಗೂ ಹೋಗುವುದಿಲ್ಲ.

ಹೋಗುವುದೇ ಆದರೆ ಸೆಪ್ಟೆಂಬರ್ ಅಥವಾ ಮೇ. ಮಾಸ್ಕೋದಿಂದ ತ್ವೇರ್‌ಗೆ ರೈಲು, ಅಲ್ಲಿಂದ ಬಸ್ಸು. ಒಳ್ಳೆ ಬೂಟು ಇರಲಿ, ನದಿ ದಂಡೆಯ ದಾರಿ ಮಳೆ ಬಂದರೆ ಕೆಸರು.

ಹೊರಡುವ ದಿನ ಬೆಳಿಗ್ಗೆ ನಾನು ಹೊಸ್ತಿಲಾಚೆ ನಿಂತು ಅಜ್ಜಿಗೆ ಕೈ ಚಾಚಿದೆ. ಅವರು ಕೈ ಕೊಡಲಿಲ್ಲ, ತೋಳು ಹಿಡಿದು ಒಳಗೆ ಎಳೆದುಕೊಂಡರು. ಹೊಸ್ತಿಲಿನ ಮೇಲಿಂದ ಕೈ ಕೊಡಬಾರದಂತೆ. ನಮ್ಮಮ್ಮನೂ ಹೊಸ್ತಿಲಾಚೆಯಿಂದ ಏನನ್ನೂ ಕೊಡಲು ಬಿಡುತ್ತಿರಲಿಲ್ಲ. ಆಮೇಲೆ ಬಾಗಿಲ ಬಳಿಯ ಬೆಂಚು ತೋರಿಸಿ ಕೂರಿ ಅಂದರು. ದೂರ ಹೋಗುವವರು ಹೊರಡುವ ಮುಂಚೆ ಒಂದು ನಿಮಿಷ ಮಾತಾಡದೆ ಕೂರಬೇಕು, ಅವರ ಜೊತೆ ಮನೆಯವರೂ ಕೂರಬೇಕು. ಮೂವರೂ ಕೂತೆವು. ಅಡುಗೆಮನೆಯ ಗಡಿಯಾರದ ಸದ್ದು ಬಿಟ್ಟರೆ ಏನೂ ಇಲ್ಲ. ಆಮೇಲೆ ಅಜ್ಜಿ ಮೊಣಕಾಲಿಗೆ ಕೈ ಊರಿ ಎದ್ದು, "ಹ್ಞೂಂ, ಹೋಗಿ ಬನ್ನಿ" ಅನ್ನುವ ಹಾಗೆ ತಲೆಯಾಡಿಸಿ, ಬಾಗಿಲು ತೆರೆದರು.