ಹೆದರ್ ಸುಟ್ಟರೆ ಹೆದರಬೇಡಿ

ಇಂಗ್ಲೆಂಡಿನ ನಾರ್ತ್ ಯಾರ್ಕ್ ಮೂರ್ಸ್ ಗುಡ್ಡಗಾಡಿನ ಪಕ್ಕ ಮನೆ ಹಿಡಿದಿದ್ದೀರಿ. ರಸ್ತೆ ಮೇಲೆ ಕುರಿ, ಗುಡ್ಡದ ಮೇಲೆ ಹೊಗೆ, ಇದೇನು ಕಥೆ ಅಂತ ಕೇಳಿದ್ದೀರಿ. ನಾನೂ ಮೊದಲ ಮಾರ್ಚ್‌ನಲ್ಲಿ ಕಾಡ್ಗಿಚ್ಚು ಅಂದುಕೊಂಡು ಇಲ್ಲಿನ ತುರ್ತು ನಂಬರ್ 999ಕ್ಕೆ ಫೋನ್ ಮಾಡಿ ಪೆಚ್ಚಾದವನೇ.

ಅದು ಬೇಕಂತಲೇ ಹಚ್ಚುವ ಬೆಂಕಿ. ಹೆದರ್ ಅನ್ನೋದು ಕುರುಚಲು ಗಿಡ, ಆಗಸ್ಟ್‌ನಲ್ಲಿ ಗುಡ್ಡವೆಲ್ಲ ನೇರಳೆ ಮಾಡುವುದು ಅದೇ. ಬಲಿತರೆ ಬರೀ ಕಟ್ಟಿಗೆ, ಕುರಿ ಮೂಸಿಯೂ ನೋಡುವುದಿಲ್ಲ. ಅದಕ್ಕೇ ಅಕ್ಟೋಬರ್ 1ರಿಂದ ಏಪ್ರಿಲ್ 15ರೊಳಗೆ, ಹಗಲು ಹೊತ್ತಿನಲ್ಲಿ ಪಟ್ಟಿ ಪಟ್ಟಿಯಾಗಿ ಸುಡುತ್ತಾರೆ. ಒಮ್ಮೆ ಹತ್ತಿರ ನಿಂತು ನೋಡಿದೆ. ನಾಲ್ಕು ಜನ, ಕೈಯಲ್ಲಿ ಬೆಂಕಿ ಬಡಿಯುವ ಉದ್ದ ಕೋಲು. ಜ್ವಾಲೆ ಗಿಡದ ಮೇಲೆ ಮೇಲೆಯೇ ಓಡಿಹೋಯಿತು. ಆರಿದ ಮೇಲೆ ಬುಡದ ಪಾಚಿ ಮುಟ್ಟಿದರೆ ಇನ್ನೂ ಒದ್ದೆ!

ಕುರಿಯ ಹೆಸರು ಹೇಳಿದರೂ ಇಲ್ಲಿ ಗ್ರೌಸ್ ಹಕ್ಕಿಯ ಲೆಕ್ಕವೇ ಜಾಸ್ತಿ. ತಿನ್ನೋಕೆ ಹೊಸ ಚಿಗುರು, ಅಡಗೋಕೆ ಪಕ್ಕದ ಹಳೇ ಪಟ್ಟಿ. ಆಗಸ್ಟ್ 12ಕ್ಕೆ ಆ ಹಕ್ಕಿಯ ಬೇಟೆ ಶುರು. ಇಷ್ಟಕ್ಕಾಗಿ ಸುಡಬೇಕಾ ಅಂತ ಜಗಳ ಇದ್ದೇ ಇದೆ, ಯಾಕಂದರೆ ಕೆಳಗೆ ಅರೆಕೊಳೆತ ಗಿಡಗಳು ಕೂಡಿ ಆದ, ಸಾವಿರಾರು ವರ್ಷದ ಪೀಟ್ ಮಣ್ಣಿದೆ, ಅದರಲ್ಲಿ ಇಂಗಾಲ ಕೂತಿದೆ. ಪೀಟ್ ಆಳವಾಗಿರುವ ಕಡೆ 2021ರಿಂದ ನಿಯಮ ಬಿಗಿಯಾಗಿದೆ. ಅದು ಸರಿ ಅಂತಲೇ ನನಗನ್ನಿಸುತ್ತದೆ. ಬೇಸಿಗೆಯಲ್ಲಿ, ಜನರೇ ಕಾಣದ ಕಡೆ ಹೊಗೆ ಎದ್ದರೆ ಮಾತ್ರ ಧೈರ್ಯವಾಗಿ 999 ಒತ್ತಿ.

ಇನ್ನು ಕುರಿ. ಅವು ತಪ್ಪಿಸಿಕೊಂಡು ಬಂದವಲ್ಲ. ಶಿರಾ ಕಡೆಯವನಾದ ನನಗೆ, ಕಂಬಳಿ ಹೊದ್ದ ಕುರುಬನಿಲ್ಲದ ಹಿಂಡು ನೋಡಿ ವಿಚಿತ್ರ ಅನ್ನಿಸಿತ್ತು. ಬೇಲಿಯೂ ಇಲ್ಲ! ಮರಿ ತಾಯಿಯ ಹಿಂದೆ ಅಲೆದು ತನ್ನ ಜಾಗ ಕಲಿಯುತ್ತದೆ, ಮುಂದೆ ಅಲ್ಲೇ ಮೇಯುತ್ತದೆ. ಯಾರ ಕುರಿ ಅಂತ ಉಣ್ಣೆ ಮೇಲಿನ ಬಣ್ಣದ ಗುರುತು ಹೇಳುತ್ತದೆ. ಗೋಥ್‌ಲ್ಯಾಂಡ್ ಊರೊಳಗೇ ಓಡಾಡುತ್ತವೆ. ಗೇಟ್ ಹಾಕದಿದ್ದರೆ ನಿಮ್ಮ ಹೂಗಿಡ ಅವುಗಳ ಪಾಲು.

ರಾತ್ರಿ ಟಾರು ಬೆಚ್ಚಗಿರುತ್ತದೆ ಅಂತ ರಸ್ತೆ ಮೇಲೇ ಮಲಗುತ್ತವೆ. ನಿಧಾನಕ್ಕೆ ಹೋಗಿ. ತಾಯಿ ಒಂದು ಬದಿ, ಮರಿ ಇನ್ನೊಂದು ಬದಿ ಇದ್ದರೆ ನಿಂತೇಬಿಡಿ, ಮರಿ ಓಡುವುದು ಗ್ಯಾರಂಟಿ. ಗುದ್ದಿದರೆ ಗಾಡಿ ನಿಲ್ಲಿಸಬೇಕು. ಮಾಲೀಕ ಸಿಗದಿದ್ದರೆ ಆದಷ್ಟು ಬೇಗ, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು. ನಾಯಿಗೂ ಇದೇ ಕಾನೂನು, ಬೆಕ್ಕಿಗೆ ಇಲ್ಲ.

ಹಾಂ, ಹೊಗೆ ಕಂಡ ದಿನ ಹೊರಗೆ ಒಣಗಿಸಿದ ಬಟ್ಟೆ ಒಳಗೆ ತನ್ನಿ. ನಮ್ಮ ಬೆಡ್‌ಶೀಟೆಲ್ಲ ಒಮ್ಮೆ ಬಚ್ಚಲ ಒಲೆಯ ವಾಸನೆ ಹೊಡೆಯಿತು. ಹೆಂಡತಿ ಮತ್ತೆ ಒಗೆಯೋಕೆ ಹೊರಟಳು. ನಾನು, ಇವತ್ತೊಂದು ರಾತ್ರಿ ಇರಲಿ ಬಿಡೇ ಅಂದೆ.